ಓ ಗುಂಪನ್ನೂ ಒಲ್ಲದ ರಕ್ತ

"ಉಸಿರು ಬಿಗಿ ಹಿಡೀರಿ ಮೈತ್ರೇಯಿ. ಹನಿ ಅಲ್ಲಾಡ್ತದ."

ಬ್ಲಡ್ ಬ್ಯಾಂಕಿನ ಡಾಕ್ಟರ್ ಕಾಶೀನಾಥ ಬಿಳಿ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತೂಗಿದರು. ಹಲಗೆಯ ಮೂರು ಕುಳಿಗಳಲ್ಲಿ ಮೂರು ಹನಿ ರಕ್ತವಿತ್ತು. ಒಂದು ಎ, ಒಂದು ಬಿ, ಒಂದು ಓ. ಮೂರಕ್ಕೂ ಅವರು ಈಗಷ್ಟೇ ಜಲಜಾಕ್ಷಿಯ ಹೆಸರಿನ ನಳಿಕೆಯಿಂದ ಒಂದೊಂದು ತೊಟ್ಟು ಸೀರಮ್ ಬಿಟ್ಟಿದ್ದರು. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಹಳದಿ ನೀರು ಅದು.

ಎ ಹನಿ ಒಡೆಯಿತು. ಹಾಲಿಗೆ ಹುಳಿ ಬಿದ್ದ ಹಾಗೆ ಕೆಂಪು ಕಣಗಳು ಒಂದಕ್ಕೊಂದು ಅಂಟಿಕೊಂಡು ಗರಣೆಗರಣೆಯಾಗಿ ನಿಂತವು.

ಬಿ ಹನಿಯೂ ಒಡೆಯಿತು.

ಮೈತ್ರೇಯಿ ಜಮಖಂಡಿ ಹಲಗೆಯ ಹತ್ತಿರ ಬಾಗಿದಳು. ಸಂಭಾಜಿನಗರದ ಆ ಪ್ರಯೋಗಾಲಯದಲ್ಲಿ, ನಳಿಕೆಗಳ ಫ್ರೀಜರ್ ಪಕ್ಕ, ಅವರಿಬ್ಬರೇ ಇದ್ದರು.

ಜಲಜಾಕ್ಷಿ ತೀರಿಕೊಂಡು ಎರಡು ತಿಂಗಳಾಗಿತ್ತು. ನಾಶಿಕದಲ್ಲಿ ಹೋಟೆಲು ನಡೆಸುವ ಶೀನನ ಹೆಂಡತಿ. ಕೊರಳಲ್ಲೊಂದು ಗಂಟು, ಸಂಜೆಯಾದರೆ ಜ್ವರ, 'ಏನೂ ಇಲ್ಲ' ಎಂದ ರಕ್ತಪರೀಕ್ಷೆ, ಕೊನೆಗೆ ಮಿದುಳಿನ ಪೊರೆಗೆ ಏರಿದ ಟಿಬಿ. ಆ 'ಏನೂ ಇಲ್ಲ' ಎಲ್ಲಿಂದ ಬಂತೆಂದು ಹುಡುಕುವ ಕೆಲಸವನ್ನು ಶೀನ ಮೈತ್ರೇಯಿಗೆ ವಹಿಸಿದ್ದ.

"ಜಲಜಾಕ್ಷಿಯದು ಎಬಿ ಗುಂಪು," ಅಂದಳು ಮೈತ್ರೇಯಿ. "ಆಸ್ಪತ್ರಿಯೊಳಗ ಎರಡೆರಡು ಸಲ ನೋಡ್ಯಾರ."

"ಎಬಿ ಇದ್ದವರ ಸೀರಮ್ಮಿಗೆ ಯಾರ ರಕ್ತದ ಮ್ಯಾಲೂ ಸಿಟ್ಟಿರೂದಿಲ್ಲ. ಯಾವ ಹನೀನೂ ಒಡಿಯಂಗಿಲ್ಲ. ಇದು ಅಕೀ ರಕ್ತ ಅಲ್ಲವೇ ಅಲ್ಲ."

"ಅಂದ್ರ ಓ ಗುಂಪಿನವರದು. ಅವರ ಸೀರಮ್ ಎ ಮತ್ತ ಬಿ ಎರಡನ್ನೂ ಒಡೀತದ, ಹೌದಲ್ರಿ?"

ಹುಬ್ಬಳ್ಳಿಯಲ್ಲಿ ಔಷಧ ಇನ್ಸ್‌ಪೆಕ್ಟರ್ ಆಗಿದ್ದಾಗ ಕಲಿತ ವಿದ್ಯೆ ಅವಳಿಗಿನ್ನೂ ಮರೆತಿರಲಿಲ್ಲ. ಗಂಡನಿಗೆ ನಾಶಿಕದ ಬ್ಯಾಂಕಿಗೆ ವರ್ಗವಾದಾಗ ನೌಕರಿ ಬಿಟ್ಟು ಬಂದವಳು, ಮನೆಯಲ್ಲಿ ಕೂರಲಾರದೆ ಈ ಪತ್ತೆಯ ಕೆಲಸಕ್ಕೆ ಇಳಿದಿದ್ದಳು.

ಕಾಶೀನಾಥರ ಬೆರಳು ಮೂರನೆಯ ಕುಳಿಯ ಕಡೆ ಹೋಯಿತು.

ಓ ಹನಿ ಒಡೆಯುತ್ತಿತ್ತು.

ಮೊದಲು ಅಂಚಿನಲ್ಲಿ, ಆಮೇಲೆ ನಡುವೆ. ಎಲ್ಲರಿಗೂ ಆಗಿಬರುವ ಓ ರಕ್ತವನ್ನೇ ಆ ಸೀರಮ್ ಹಿಡಿದು ಗರಣೆ ಮಾಡುತ್ತಿತ್ತು.

"ಬಾಂಬೆ ಗುಂಪು," ಅಂದರು ಕಾಶೀನಾಥ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸಾದಾ ಪರೀಕ್ಷಾದಾಗ ಓ ಅಂತನ ಬರ್ತದ. ಆದ್ರ ಓ ರಕ್ತಾನೂ ಒಲ್ಲದ ರಕ್ತ. ಸಾವಿರಾರು ಮಂದ್ಯಾಗ ಒಬ್ಬರು ಸಿಗೂದು ಕಷ್ಟ."

"ಇನ್ನುಳಿದ ನಳಿಕಿ ತಗೀರಿ," ಅಂದಳು ಮೈತ್ರೇಯಿ.

*

ಶ್ವಾಸಕೋಶದ ಟಿಬಿಯಾದರೆ ಕಫದಲ್ಲಿ ಸಿಕ್ಕಿಬೀಳುತ್ತದೆ. ಆದರೆ ಅದು ಕೊರಳ ಗಂಟಿನಲ್ಲೋ ಬೆನ್ನುಮೂಳೆಯಲ್ಲೋ ಮಿದುಳಿನ ಪೊರೆಯಲ್ಲೋ ಅಡಗಿ ಕೂತರೆ ಕಫದಲ್ಲಿ ಸುಳಿವಿರುವುದಿಲ್ಲ. ಸೂಜಿ ಚುಚ್ಚಿ ತುಣುಕು ತೆಗೆಯಬೇಕು. ಸೂಜಿ ಸರಿಯಾದ ಜಾಗಕ್ಕೆ ತಾಗದಿದ್ದರೆ ಅದೂ ವ್ಯರ್ಥ.

ಆದರೆ ಮೈ ಸುಮ್ಮನಿರುವುದಿಲ್ಲ. ಒಳಗೆ ಎಲ್ಲೋ ಜಗಳ ನಡೆದಾಗ ರಕ್ತದಲ್ಲಿ ಕೆಲವು ಗುರುತುಗಳು ಏರುತ್ತವೆ. ಅವನ್ನು ಅಳೆದು ಅಡಗಿದ ಟಿಬಿಯ ಜಾಡು ಹಿಡಿಯಬಹುದೇ ಎಂದು ನೋಡುವ ಅಧ್ಯಯನ ಅದು. ನಾಶಿಕದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಾಕ್ಟರ್ ಉತ್ಕರ್ಷ ರೋಗಿಗಳ ರಕ್ತ ತೆಗೆಸುತ್ತಿದ್ದರು. ಅದನ್ನು ಅಳೆದು ಕಾಪಿಡುವುದು ಇಲ್ಲಿ, ಸಂಭಾಜಿನಗರದಲ್ಲಿ. ಅಧ್ಯಯನದ ಮೇಲೆ ಕಣ್ಣಿಡುವ ಸಮಿತಿಯಲ್ಲಿದ್ದುದರಿಂದ ಕಾಶೀನಾಥರಿಗೆ ಫ್ರೀಜರ್ ತೆರೆಯುವ ಅಧಿಕಾರವಿತ್ತು.

ಬೆಳಗಿನ ಹೊತ್ತೆಲ್ಲ ಇಬ್ಬರೂ ನಾಶಿಕದ ನಳಿಕೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಬಹಳಷ್ಟು ನಳಿಕೆಗಳು ರೋಗಿಯ ದಾಖಲೆಯ ಗುಂಪಿಗೆ ಸರಿಹೊಂದಿದವು. ಸರಿ ಇಲ್ಲದವು ಸಿಕ್ಕಾಗಲೆಲ್ಲ ಕಾಶೀನಾಥ ನಳಿಕೆಯನ್ನು ಬೇರೆ ಚೌಕಟ್ಟಿನಲ್ಲಿಡುತ್ತಿದ್ದರು.

ಕೊನೆಗೆ ಆ ಚೌಕಟ್ಟಿನಲ್ಲಿ ಐದು ನಳಿಕೆಗಳು ನಿಂತವು. ಐದೂ ಎಲ್ಲ ಗುಂಪಿನ ರಕ್ತವನ್ನು ಒಡೆದಿದ್ದವು.

"ಐದು ಬ್ಯಾರೆ ಬ್ಯಾರೆ ರೋಗಿಗಳು, ಐದೂ ಬಾಂಬೆ ಗುಂಪು," ಅಂದಳು ಮೈತ್ರೇಯಿ. "ದೇವರು ಬಂದು ಹೇಳಿದ್ರೂ ನಂಬಂಗಿಲ್ಲ ನಾನು."

"ಒಬ್ಬರದೇ ರಕ್ತ. ಐದು ಹೆಸರಿನಾಗ ತುಂಬ್ಯಾರ." ಕಾಶೀನಾಥ ರೋಗಿಗಳ ಪಟ್ಟಿ ಎಳೆದುಕೊಂಡರು. "ಐದೂ ಮಂದೀಗೆ ಸೂಜಿ ಪರೀಕ್ಷಾದಾಗ ಏನೂ ಸಿಕ್ಕಿರಲಿಲ್ಲ. ಈಗ ತಿಳೀತು ನನಗ."

"ಬಿಡಿಸಿ ಹೇಳ್ರಿ."

"ಸೂಜಿ ರೋಗ ಇಲ್ಲ ಅಂತು, ರಕ್ತ ರೋಗ ಅದ ಅಂತು ಅಂತ ತಿಳೀರಿ. ಲೆಕ್ಕದಾಗ ಅದು ರಕ್ತಪರೀಕ್ಷಾದ ತಪ್ಪು ಆಗ್ತದ. ಅಂಥ ತಪ್ಪು ಹೆಚ್ಚಾದ್ರ ಉತ್ಕರ್ಷನ ಇಷ್ಟು ವರ್ಷದ ದುಡಿಮಿ ನೀರಾಗ ಹೋಗ್ತದ. ಅದಕ್ಕ ಆ ರಕ್ತ ಚೆಲ್ಲಿ, ಗಟ್ಟಿಮುಟ್ಟ ಇದ್ದವರ ರಕ್ತ ತುಂಬಿದ್ರ ಎರಡೂ ಫಲಿತಾಂಶ ತಾಳೆ ಆಗ್ತಾವು."

ಮೈತ್ರೇಯಿ ಜಲಜಾಕ್ಷಿಯ ನಳಿಕೆಯನ್ನೇ ನೋಡುತ್ತಿದ್ದಳು. "ಆದ್ರ ತಪ್ಪಿದ್ದು ಸೂಜಿ. ಅಕೀ ರಕ್ತ ಖರೇ ಹೇಳಿತ್ತು."

"ಹೌದು. ಖರೇ ಹೇಳಿದ್ದಕ್ಕ ಅದನ್ನ ಚೆಲ್ಲಿದ್ರು."

ಜಲಜಾಕ್ಷಿಗೆ ತಲೆನೋವು ಶುರುವಾದಾಗ ಬೆನ್ನಿನ ನೀರು ತೆಗೆದು ನೋಡಬೇಕೆಂದು ಆಸ್ಪತ್ರೆಯ ಡಾಕ್ಟರು ಹೇಳಿದ್ದರು. ಅಧ್ಯಯನದ ಫಲಿತಾಂಶವನ್ನು ಚಿಕಿತ್ಸೆಗೆ ಬಳಸಬಾರದೆಂಬ ಕಟ್ಟಳೆ ಇದ್ದರೂ, 'ರಕ್ತ ಸ್ವಚ್ಛವಾಗಿದೆ, ಕಾಯೋಣ' ಎಂದು ಬಾಯಿಮಾತಿನಲ್ಲಿ ಹೇಳಿದವರು ಉತ್ಕರ್ಷ. ಕಾದರು. ಕಾಯುತ್ತಿರುವಾಗಲೇ ಅವಳಿಗೆ ಗಂಡನ ಗುರುತು ತಪ್ಪಿತು.

"ಉಳಿದ ನಾಲ್ಕು ಮಂದಿ?" ಮೈತ್ರೇಯಿ ಕೇಳಿದಳು. "ಅವರಿಗೂ ರೋಗ ಇರಬಹುದು. ಅವರಿಗೆ ಗೊತ್ತೇ ಇಲ್ಲ."

"ಈಗಿಂದೀಗ ಫೋನ್ ಹಚ್ಚಸ್ತೀನಿ. ಈ ಪರೀಕ್ಷಾ ಬೊಟ್ಟು ಮಾಡಿ ತೋರಸ್ತದ ಅಷ್ಟ, ತೀರ್ಪು ಕೊಡೂದಿಲ್ಲ. ಎಲ್ಲಾರನ್ನೂ ಮತ್ತ ಮೊದಲಿಂದ ತಪಾಸಣಿ ಮಾಡಬೇಕು."

ಅಷ್ಟರಲ್ಲಿ ಮೈತ್ರೇಯಿಯ ಮೊಬೈಲು ಮಿಣುಕಿತು. ಉತ್ಕರ್ಷರ ಸಂದೇಶ. ಅವರಿಗೆ ತನ್ನ ನಂಬರು ಕೊಟ್ಟ ನೆನಪು ಅವಳಿಗಿರಲಿಲ್ಲ.

'ಮೇಡಂ, ಫ್ರೀಜರಿಗೆ ಕೈ ಹಾಕುವಾಗ ಜೋಪಾನ. ಬರಿಗೈ ಅಂಟಿಕೊಂಡರೆ ಚರ್ಮವೇ ಕಿತ್ತು ಬರುತ್ತದೆ.'

ಅವಳು ಸರಕ್ಕನೆ ಕಿಟಕಿಯ ಕಡೆ ತಿರುಗಿದಳು. ಹೊರಗೆ ಬಿಸಿಲು ಕಾಯುತ್ತಿದ್ದ ಅಂಗಳ, ನಿಂತ ಎರಡು ಸ್ಕೂಟರು. ಯಾರೂ ಇರಲಿಲ್ಲ.

"ಫ್ರೀಜರಿನ ಬಾಗಿಲು ಭಾಳ ಹೊತ್ತು ತೆರದಿದ್ರ ಅವನ ಮೊಬೈಲಿಗೆ ಎಚ್ಚರಿಕಿ ಹೋಗ್ತದ," ಅಂದರು ಕಾಶೀನಾಥ ಮೆಲ್ಲಗೆ. "ಬಾಗಿಲ ಕಾವಲಿನವನ ವಹಿಯೊಳಗ ನಿಮ್ಮ ಹೆಸರು, ನಂಬರು ಅದ. ನಾವು ಇಲ್ಲಿ ಇರೂದು ಅವನಿಗೆ ಬೆಳಿಗ್ಗೇನ ಗೊತ್ತಾಗೇದ."

"ಯಾರದ್ರಿ ಈ ರಕ್ತ? ಇಂಥ ಗುಂಪಿನವರು ನಿಮ್ಮ ಬ್ಲಡ್ ಬ್ಯಾಂಕಿಗೆ ಗೊತ್ತಿರ್ತಾರಲ್ಲ?"

ಕಾಶೀನಾಥ ಕನ್ನಡಕ ತೆಗೆದು ಒರೆಸಿದರು. "ಒಬ್ಬಾಕಿ ಇದ್ದಾಳ. ಹ್ವಾದ ವರ್ಷ ಬಾಣಂತಿ ಒಬ್ಬಾಕೀನ ಉಳಸಾಕ ನಾನ ಫೋನ್ ಮಾಡಿ ಕರಿಸಿದ್ದೆ. ಕರದ ಕೂಡ್ಲೆ ಬಸ್ ಹತ್ತಿ ಬಂದಿದ್ಲು." ಅವರು ಕನ್ನಡಕವನ್ನು ಮತ್ತೆ ಏರಿಸಿಕೊಂಡರು. "ಪ್ರಜ್ಞಾ. ನಾಶಿಕದಾಗ ಉತ್ಕರ್ಷನ ಕೈಕೆಳಗ ರೋಗಿಗಳ ರಕ್ತ ತಗಿಯೂ ನರ್ಸ್."

*

ನಾಶಿಕದ ದಾರಿಯಲ್ಲಿ ವೈಜಾಪುರ ದಾಟಿದ ಮೇಲೂ ಮೈತ್ರೇಯಿ ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡುತ್ತಲೇ ಕಾರು ಓಡಿಸಿದಳು. ಬಿಳಿ ಕಾರೊಂದು ಬಹಳ ದೂರ ಬೆನ್ನಿಗಿತ್ತು. ಯೇವಲಾ ಹತ್ತಿರ ಅದು ಎಡಕ್ಕೆ ತಿರುಗಿ ಹೋಯಿತು. ಅದರೊಳಗಿದ್ದವರು ಯಾರೋ ಮದುವೆಗೆ ಹೊರಟವರು, ಹಿಂದಿನ ಗಾಜಿಗೆ ಉಡುಗೊರೆಯ ಪೆಟ್ಟಿಗೆಗಳು ತಾಗಿದ್ದವು.

ನಿಫಾಡದ ಬಳಿ ಕಾಶೀನಾಥರ ಫೋನ್ ಬಂತು.

"ಉಳಿದ ನಾಲ್ಕು ಮಂದ್ಯಾಗ ಮಾಲೇಗಾಂವದ ಮಗ್ಗದವ ಸಿಕ್ಕ. ನಾಳೆ ಬರ್ತಾನ. ಆದ್ರ ಖುಲ್ತಾಬಾದದಾಗ ದರ್ಗಾದ ಮುಂದ ಹೂವು ಮಾರಾಕಿ ಒಬ್ಬಾಕಿ ಇದ್ದಾಳಲ್ಲ..." ಅವರು ತಡೆದರು. "ಮಗಳು ಫೋನ್ ಎತ್ತಿದ್ಲು. ತಾಯೀಗೆ ನಾಲ್ಕು ದಿನದಿಂದ ಕಾಲು ಎತ್ತಾಕ ಬರವಲ್ದಂತ. ಬೆನ್ನು ನೋವು ಅಂತ ಎಣ್ಣಿ ತಿಕ್ಕತಿದ್ರಂತ ಮನ್ಯಾಗ."

"ಬೆನ್ನುಮೂಳಿಗೆ ಇಳದದ ಅಂತೀರೇನು?"

"ನೋಡೂತನ ಹೇಳಾಕ ಆಗೂದಿಲ್ಲ. ಅಂಬುಲೆನ್ಸ್ ಕಳಿಸೇನಿ. ಕಾಲು ಉಳೀಲಿ ಅಂತ ಬೇಡ್ಕೋರಿ." ಆಮೇಲೆ ಅಂದರು, "ಐದೂ ನಳಿಕಿ ಮತ್ತ ಅಳೀಲಿಕ್ಕೆ ಇಟ್ಟೇನಿ. ಹೊಸದೇನರ ಕಂಡ್ರ ತಿಳಸ್ತೀನಿ."

ಮೈತ್ರೇಯಿ ಫೋನ್ ಇಟ್ಟಳು. ಎರಡೂ ಬದಿ ದ್ರಾಕ್ಷಿ ಚಪ್ಪರಗಳು, ಕೆಲಸದ ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಂಡು ಬುಟ್ಟಿ ಹೊತ್ತು ನಡೆಯುತ್ತಿದ್ದರು. ಅವರಲ್ಲಿ ಯಾರು ಸೊಂಟ ಹಿಡಿದುಕೊಂಡರೂ ಅವಳು ತಿರುಗಿ ನೋಡುತ್ತಿದ್ದಳು. ಈ ರೋಗಕ್ಕೆ ಮುಖವಿಲ್ಲ. ಅದು ಬೆನ್ನುನೋವಿನ ಹಾಗೆ ಬರುತ್ತದೆ, ತಲೆನೋವಿನ ಹಾಗೆ ಬರುತ್ತದೆ, ಮನೆಯೊಳಗೆ ಕೂತು ಎಲ್ಲರೊಂದಿಗೆ ಊಟ ಮಾಡುತ್ತದೆ.

*

ಶೀನನ ಹೋಟೆಲಿನ ಮಹಡಿಯ ಫ್ಯಾಮಿಲಿ ರೂಮು ಮಧ್ಯಾಹ್ನದ ಊಟ ಮುಗಿದು ಖಾಲಿಯಾಗಿತ್ತು. ಪ್ರಜ್ಞಾ ಅಲ್ಲಿಗೇ ಬರುವಂತೆ ಮೈತ್ರೇಯಿ ಹೇಳಿದ್ದಳು. ಹುಡುಗಿ ಡ್ಯೂಟಿಯಿಂದ ನೇರ ಬಂದಿದ್ದಳು, ಕೊರಳಲ್ಲಿ ಆಸ್ಪತ್ರೆಯ ಗುರುತಿನ ಚೀಟಿ ಇನ್ನೂ ತೂಗುತ್ತಿತ್ತು. ಇಪ್ಪತ್ತೈದರ ಆಸುಪಾಸು. ಅಪ್ಪ ಅಮ್ಮ ಶೀನನಂತೆಯೇ ಕುಂದಾಪುರದ ಕಡೆಯವರು. ಅವಳು ಹುಟ್ಟಿ ಬೆಳೆದದ್ದೆಲ್ಲ ನಾಶಿಕದಲ್ಲಿ, ಮಾತಿನ ನಡುವೆ ಮರಾಠಿ ನುಸುಳುತ್ತಿತ್ತು.

ಮೈತ್ರೇಯಿ ಕುಳಿತುಕೊಳ್ಳಲಿಲ್ಲ. ಬಾಗಿಲು ಮುಂದೆ ಮಾಡಿ ಅದಕ್ಕೇ ಬೆನ್ನು ಕೊಟ್ಟು ನಿಂತಳು.

"ನಿನ್ನ ರಕ್ತದ ಗುಂಪು ಯಾವುದು, ಪ್ರಜ್ಞಾ?"

ಹುಡುಗಿಯ ಕಣ್ಣು ಅಗಲವಾಯಿತು. "ಯಾಕೆ ಮೇಡಂ? ಯಾರಿಗಾದ್ರೂ ಇಮರ್ಜೆನ್ಸಿ ಉಂಟಾ? ನಾನು ರೆಡಿ ಇದ್ದೇನೆ."

"ಗುಂಪು ಹೇಳು."

"ಬಾಂಬೆ. ರೇರ್ ಆಹೇ, ಅಲ್ವಾ, ಅದಕ್ಕೆ ಕಾಶೀನಾಥ ಸರ್ ನನ್ನ ನಂಬರ್ ಇಟ್ಟಿದ್ದಾರೆ."

"ಉತ್ಕರ್ಷ ಡಾಕ್ಟರಿಗೆ ನಿನ್ನ ರಕ್ತ ಎಷ್ಟು ಸಲ ಕೊಟ್ಟೀ?"

ಪ್ರಜ್ಞಾಳ ಕೈ ತಾನಾಗಿ ತೋಳಿನ ಮಡಿಕೆಗೆ ಹೋಯಿತು.

"ಕಂಟ್ರೋಲ್‌ಗೆ ಬೇಕು ಅಂದ್ರು. ಮಂಜೆ, ಅಂದ್ರೆ, ಆರೋಗ್ಯ ಇರುವವರ ರಕ್ತ, ಹೋಲಿಸಿ ನೋಡ್ಲಿಕ್ಕೆ. ಮೂರು ನಾಲ್ಕು ಸಲ ಕೊಟ್ಟೆ. ಸ್ಟಾಫ್ ಎಲ್ಲ ಕೊಡ್ತಾರೆ ಅಂತ ಹೇಳಿದ್ರು."

"ಕಾಶೀನಾಥ ಸರ್ ದಾಖಲಿ ನೋಡ್ಯಾರ. ಬ್ಯಾರೆ ಯಾವ ಸ್ಟಾಫೂ ಕೊಟ್ಟಿಲ್ಲ."

"ಖರಂಚ್? ನಿಜವಾಗ್ಲೂ?"

"ನಾಟಕ ಬ್ಯಾಡ." ಮೈತ್ರೇಯಿ ಮೇಜಿಗೆ ಎರಡೂ ಕೈ ಊರಿ ಬಾಗಿದಳು. "ರೋಗಿಗಳ ರಕ್ತ ತಗಿಯಾಕಿ ನೀನು. ನಳಿಕಿಗೆ ಚೀಟಿ ಹಚ್ಚಾಕಿ ನೀನು. ಪೆಟ್ಟಿಗಿ ತುಂಬಿ ಸಂಭಾಜಿನಗರಕ್ಕ ಕಳಸಾಕಿ ನೀನು. ಐದು ಮಂದಿ ರೋಗಿಗಳ ನಳಿಕಿಯೊಳಗ ಇವತ್ತ ನಿನ್ನ ರಕ್ತ ಸಿಕ್ಕದ. ಅದರಾಗ ಒಂದು ಜಲಜಾಕ್ಷಿದು."

ಅರ್ಥವಾಗಲು ಪ್ರಜ್ಞಾಳಿಗೆ ಹೊತ್ತು ಬೇಕಾಯಿತು. ಅದು ಅರ್ಥವಾಗುತ್ತ ಹೋದದ್ದು ಅವಳ ಮುಖದಲ್ಲಿ ಕಾಣುತ್ತಿತ್ತು. ಮೊದಲು ತುಟಿಯ ಬಣ್ಣ ಹೋಯಿತು, ಆಮೇಲೆ ಕೆನ್ನೆಯದು.

"ಜಲಜಕ್ಕನ ನಳಿಕೆಯಲ್ಲಿ... ನನ್ನ ರಕ್ತ?"

"ಹೌದು."

"ಅಂದ್ರೆ ಅವರು ಟೆಸ್ಟ್ ಮಾಡಿದ್ದು ನನ್ನ ರಕ್ತ? ನನ್ನದು ನೋಡಿ ಅಕ್ಕನಿಗೆ ಏನೂ ಇಲ್ಲ ಅಂದ್ರಾ?"

ಮೈತ್ರೇಯಿ ಉತ್ತರಿಸುವ ಮೊದಲೇ ಪ್ರಜ್ಞಾ ತೋಳಿನ ಮಡಿಕೆಯನ್ನು ಉಗುರಿನಿಂದ ಪರಚಿಕೊಳ್ಳತೊಡಗಿದ್ದಳು, ಒಳಗಿರುವುದನ್ನು ಕಿತ್ತು ತೆಗೆಯುವವಳ ಹಾಗೆ. ಮೈತ್ರೇಯಿ ಅವಳ ಕೈ ಹಿಡಿದು ನಿಲ್ಲಿಸಿದಳು. ಆ ಕೈ ಹಿಡಿದಾಗಲೇ ಅವಳಿಗೆ ತಿಳಿಯಿತು: ಬೆಳಗಿನಿಂದ ತಾನು ತಪ್ಪು ಜಾಡಿನಲ್ಲಿ ಓಡಿಬಂದಿದ್ದೇನೆ.

"ನಾನೇ ಅಕ್ಕನನ್ನು ಸ್ಟಡಿಗೆ ಸೇರಿಸಿದ್ದು ಮೇಡಂ," ಅಂದಳು ಪ್ರಜ್ಞಾ. "ಸೂಜಿ ಅಂದ್ರೆ ಅವರಿಗೆ ಹೆದರಿಕೆ. ನಾನು ಚುಚ್ಚಿದ್ರೆ ಮಾತ್ರ ಕೈ ಕೊಡ್ತಿದ್ರು. ನಾನು ಸೀಲ್ ಮಾಡಿ ಸರ್ ಟೇಬಲ್ ಮೇಲೆ ಇಡ್ತಿದ್ದೆ. ಸರ್ ಮೊದಲು ಇಲ್ಲೇ ಒಮ್ಮೆ ಅಳೆದು ನೋಡ್ತಿದ್ರು. ಆಮೇಲೆ ಪೆಟ್ಟಿಗೆ ಅವರೇ ತುಂಬ್ತಿದ್ರು. ದೇವಾಶಪ್ಪಥ್, ನಾನಲ್ಲ."

ಬಾಗಿಲು ಸದ್ದಾಯಿತು. ಶೀನ ಒಳಗೆ ಬಂದಿದ್ದ. ಕೈಯಲ್ಲಿ ಎರಡು ಲೋಟ ಚಹಾ. ಎಷ್ಟು ಹೊತ್ತಿನಿಂದ ಹೊರಗೆ ನಿಂತಿದ್ದನೋ, ಚಹಾದ ಮೇಲೆ ಕೆನೆ ಕಟ್ಟಿತ್ತು.

"ಕೇಳಿತು ನನಗೆ," ಅಂದ. ಲೋಟಗಳನ್ನು ಮೇಜಿನ ಮೇಲಿಡಲು ಹೋದ, ಒಂದು ಮಗುಚಿತು. ಚಹಾ ಹರಿದು ನೆಲಕ್ಕೆ ತೊಟ್ಟಿಕ್ಕುತ್ತಿದ್ದರೂ ಅವನು ನೋಡಲಿಲ್ಲ. "ಅವಳ ರಕ್ತ ಎಂತ ಹೇಳಿತ್ತು ಮೇಡಂ? ನಿಜವಾದ ರಕ್ತ?"

ಮೈತ್ರೇಯಿಗೆ ಸುಳ್ಳು ಹೇಳಲಾಗಲಿಲ್ಲ. "ರೋಗ ಅದ ಅಂತ ಹೇಳಿರಬೇಕು, ಶೀನಣ್ಣ. ಅದಕ್ಕ ಬದಲಿ ಮಾಡ್ಯಾರ."

"ಆಗ ಗೊತ್ತಾಗಿದ್ದರೆ?"

"ತಪಾಸಣಿ ಜಲ್ದಿ ಆಗ್ತಿತ್ತು. ಔಷಧ ಶುರು ಆಗ್ತಿತ್ತು. ಉಳೀತಿದ್ಲು ಅಂತ ನಾ ಹೇಳಲಾರೆ. ಉಳಿಯೂ ದಾರಿ ಇತ್ತು."

ಶೀನ ಕುರ್ಚಿ ಹುಡುಕುವವನಂತೆ ಕೈ ಚಾಚಿದ. ಪ್ರಜ್ಞಾ ಎದ್ದು ಅವನನ್ನು ಕೂರಿಸಿದಳು. ಅವನು ಅವಳ ಮುಖ ನೋಡಿದ. ಹೊಡೆಯುತ್ತಾನೋ ಎಂದು ಮೈತ್ರೇಯಿ ಒಂದು ಹೆಜ್ಜೆ ಮುಂದಿಟ್ಟಳು. ಆದರೆ ಅವನು ಹುಡುಗಿಯ ತಲೆಯ ಮೇಲೆ ಕೈಯಿಟ್ಟ. ಅಷ್ಟೆ. ಇಬ್ಬರಿಗೂ ಅಳು ಬರಲಿಲ್ಲ. ಅದೇ ನೋಡಲು ಹೆಚ್ಚು ಕಷ್ಟವಾಗಿತ್ತು.

ಮೈತ್ರೇಯಿಯ ಫೋನ್ ಅದುರಿತು. ಕಾಶೀನಾಥ.

"ಪ್ರಜ್ಞಾ ಎದುರಿಗೆ ಇದ್ದಾಳೇನು?" ಅವರ ಉಸಿರು ಏರಿತ್ತು. "ಅಕೀನ ಎಲ್ಲೂ ಬಿಡಬ್ಯಾಡ್ರಿ. ನಾಲ್ಕು ನಳಿಕ್ಯಾಗ ಗುರುತು ಕೆಳಗನ ಅದಾವು, ಚೊಕ್ಕ ರಕ್ತ. ಆದ್ರ ಹ್ವಾದ ವಾರ ಬಂದ ಐದನೇದು ಹಂಗಿಲ್ಲ. ಎಲ್ಲಾ ಗುರುತು ಮ್ಯಾಲಕ್ಕ ಹೋಗ್ಯಾವು. ಎರಡು ಸಲ ಅಳದೆ. ಒಳಗ ಎಲ್ಲೋ ಟಿಬಿ ಕೂತಿರೂ ಅನುಮಾನ ಅದ. ಅಕೀಗೆ ಹೇಳ್ರಿ, ಹೆದರಸಬ್ಯಾಡ್ರಿ, ಇವತ್ತ ದಾಖಲ್ ಮಾಡ್ರಿ."

ಮೈತ್ರೇಯಿ ಫೋನನ್ನು ಎದೆಗೊತ್ತಿಕೊಂಡಳು. ಎದುರಿಗಿದ್ದ ಹುಡುಗಿಯನ್ನು ಹೊಸದಾಗಿ ನೋಡಿದಳು. ಆರೋಗ್ಯವಂತರ ರಕ್ತ ಎಂದು ಐದು ಜನರ ಹೆಸರಿನಲ್ಲಿ ತುಂಬಿದ ರಕ್ತಕ್ಕೇ ಈಗ ರೋಗ.

"ಪ್ರಜ್ಞಾ, ನಿನಗ ಜ್ವರ ಬರ್ತದೇನು? ತಲಿನೋವು? ಎಲ್ಲೆರ ಗಂಟು?"

"ಇಲ್ಲ ಮೇಡಂ."

"ಹ್ವಾದ ವಾರ ನೀ ಕೊಟ್ಟ ರಕ್ತ ಸರಿ ಇಲ್ಲಂತ."

ಪ್ರಜ್ಞಾ ತಲೆ ಅಲ್ಲಾಡಿಸಿದಳು. "ಹೋದ ವಾರ? ನಾನು ಕೊಟ್ಟೇ ಇಲ್ಲ. ಜಲಜಕ್ಕ ಹೋದ ಮೇಲೆ ಸರ್ ಕೇಳಿದ್ರು, ನಾನು ನಕೋ ಅಂದೆ. ಮನಸ್ಸಾಗಲಿಲ್ಲ. ಎರಡು ತಿಂಗಳಿಂದ ನಾನು ಒಂದು ಹನಿ ಕೊಟ್ಟಿಲ್ಲ."

ಮೈತ್ರೇಯಿ ಕಾಶೀನಾಥರಿಗೆ 'ಆಮ್ಯಾಲೆ ಹಚ್ತೀನಿ' ಎಂದು ಫೋನ್ ಇಟ್ಟಳು.

ಐದನೆಯ ನಳಿಕೆಯೂ ಬಾಂಬೆ ಗುಂಪೇ. ಆ ಹನಿಗಳು ಒಡೆದದ್ದನ್ನು ಮೈತ್ರೇಯಿ ಕಣ್ಣಾರೆ ಕಂಡಿದ್ದಳು. ಸಾವಿರಾರು ಜನರಲ್ಲಿ ಒಬ್ಬರಲ್ಲೂ ಸಿಗದ ರಕ್ತ ಉತ್ಕರ್ಷರಿಗೆ ಇನ್ನೊಬ್ಬರಲ್ಲಿ ಎಲ್ಲಿ ಸಿಕ್ಕಿತು?

"ಈ ಗುಂಪು ಮನಿತನದೊಳಗ ಬರ್ತದ," ಅಂದಳು ನಿಧಾನವಾಗಿ. "ನಿಮ್ಮನ್ಯಾಗ ಇನ್ನ ಯಾರಿಗೆ ಅದ?"

ಪ್ರಜ್ಞಾಳ ಕೈ ಬಾಯಿಗೆ ಹೋಯಿತು.

"ಅಣ್ಣ."

ನಿತೀಶ್. ಸಾತಪುರದ ಕಾರ್ಖಾನೆಗಳ ನಡುವೆ ಕ್ಯಾಂಟೀನು ನಡೆಸುವವನು. ಆರು ತಿಂಗಳಿಂದ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡೇ ಒಲೆಯ ಮುಂದೆ ನಿಲ್ಲುತ್ತಾನೆ ಎಂದಳು ಪ್ರಜ್ಞಾ, ಮಾತು ಒಂದರ ಮೇಲೊಂದು ಬೀಳುತ್ತ. ನಿಂತು ನಿಂತು ಸೊಂಟ ಹಿಡಿದಿದೆ ಎಂದು ಎಲ್ಲರೂ ನಗುತ್ತಿದ್ದರು. ಪ್ಯಾಂಟು ಸಡಿಲವಾಗಿ ಎರಡು ಸಲ ಹೊಲಿಸಿಕೊಂಡಿದ್ದ. ರಾತ್ರಿ ಬನಿಯನ್ ಒದ್ದೆಯಾಗುತ್ತದೆ ಎಂದು ಅತ್ತಿಗೆ ಹೇಳಿದ್ದಳು.

"ನಾನು ನರ್ಸ್ ಮೇಡಂ," ಅಂದಳು. "ದಿನಾ ಇಂಥ ಪೇಷಂಟನ್ನೇ ನೋಡ್ತೇನೆ. ಮನೆಯಲ್ಲಿ ನೋಡಲಿಲ್ಲ."

"ಈಗ ಎಲ್ಲಿದ್ದಾನ ಅವ?"

"ಉತ್ಕರ್ಷ ಸರ್ ಕರ್ಕೊಂಡು ಹೋದ್ರು. ಇವತ್ತು ಬೆಳಿಗ್ಗೆ ಫೋನ್ ಮಾಡಿ, ಸೊಂಟಕ್ಕೆ ಎಂಆರ್‌ಐ ಮಾಡಿಸ್ತೇನೆ, ಸಂಭಾಜಿನಗರದಲ್ಲಿ ಪರಿಚಯ ಉಂಟು ಅಂದ್ರಂತೆ. ಅಣ್ಣ ಖುಷಿಯಿಂದ ಕಾರು ಹತ್ತಿದ. ನನಗೆ ಮೆಸೇಜ್ ಹಾಕಿದ, ನಿಮ್ಮ ಸರ್ ದೇವಮನುಷ್ಯ ಅಂತ."

ಇವತ್ತು ಬೆಳಿಗ್ಗೆ. ಫ್ರೀಜರಿನ ಬಾಗಿಲು ತೆರೆದಿದ್ದ ಹೊತ್ತು.

ನಳಿಕೆಗಳನ್ನು ತೆಗೆದು ನೋಡುವವರು ಮುಂದೆ ಕೇಳುವುದು 'ಇದು ಯಾರ ರಕ್ತ?' ಎಂದೇ ಎಂಬುದು ಉತ್ಕರ್ಷರಿಗೆ ಗೊತ್ತಿತ್ತು. ಪ್ರಜ್ಞಾ ತಾನು ಕೊಟ್ಟದ್ದು ಕಂಟ್ರೋಲಿಗೆ ಎಂದರೆ ಆ ಮಾತನ್ನು ಹೇಗೋ ತಿರುಚಬಹುದು. ಆದರೆ ಹೋದ ವಾರ ರಕ್ತ ಯಾರಿಗೆ, ಯಾವ ಮಾತು ನಂಬಿ ಕೊಟ್ಟೆನೆಂದು ಬಾಯಿ ಬಿಟ್ಟು ಹೇಳಬಲ್ಲವನು ನಿತೀಶನೊಬ್ಬನೇ. ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಅರ್ಧ ದಿನವಾಗಿತ್ತು.

"ಫೋನ್ ಹಚ್ಚು," ಅಂದಳು ಮೈತ್ರೇಯಿ. "ಸ್ಪೀಕರಿಗೆ ಹಾಕು. ಏನೂ ಗೊತ್ತಿಲ್ಲದವರ ಹಂಗ ಮಾತಾಡು."

ರಿಂಗು ಬಹಳ ಹೊತ್ತು ಹೋಯಿತು. ಪ್ರಜ್ಞಾ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ಕೊನೆಗೆ ಯಾರೋ ಎತ್ತಿದರು.

"ಅಣ್ಣಾ?"

"ಪ್ರಜ್ಞಾ, ನಾನು." ಉತ್ಕರ್ಷ ಮರಾಠಿಯಲ್ಲಿ ಮಾತಾಡಿದರು. ರೋಗಿಗಳ ಮಂಚದ ಪಕ್ಕ ನಿಂತು ಆಡುವಂಥ ಮೆತ್ತನೆಯ ದನಿ. "ನಿತೀಶ್ ಮಲಗಿದ್ದಾನೆ. ದಾರಿಯಲ್ಲಿ ನೋವು ಜಾಸ್ತಿಯಾಯಿತು. ನೀನು ಗಾಬರಿಯಾಗಬೇಡ."

"ಎಲ್ಲಿದ್ದೀರಿ ಸರ್? ಸಂಭಾಜಿನಗರ ತಲುಪಿದ್ರಾ?"

"ಇನ್ನೇನು, ಆಸ್ಪತ್ರೆಯ ಬಾಗಿಲಲ್ಲೇ ಇದ್ದೇವೆ."

ಅವರ ಮಾತಿನ ಹಿಂದೆ ಇನ್ನೊಂದು ಸದ್ದಿತ್ತು. ಟ್ರ್ಯಾಕ್ಟರುಗಳ ಗುಡುಗು, ಮತ್ತು ಯಾರೋ ಒಂದೇ ಉಸಿರಿನಲ್ಲಿ ದರ ಕೂಗುತ್ತಿದ್ದ ಗಡಸು ದನಿ. ಶೀನ ತಲೆ ಎತ್ತಿದ. ಕುರ್ಚಿಯಿಂದ ಎದ್ದು ಮೈತ್ರೇಯಿಯ ಕಿವಿಯ ಹತ್ತಿರ ಬಂದ.

"ಸುಳ್ಳು," ಪಿಸುಗುಟ್ಟಿದ. "ಅದು ಪಿಂಪಳಗಾಂವ್ ಬಸವಂತ್. ನೀರುಳ್ಳಿ ಹರಾಜು. ವಾರವಾರ ಹೋಗುವವ ನಾನು, ಆ ಕೂಗು ನನಗೆ ಗೊತ್ತುಂಟು. ಸಂಭಾಜಿನಗರದ ದಾರಿಯೇ ಅಲ್ಲ ಅದು."

ಪಿಸುಮಾತು ಅಲ್ಲಿಗೂ ಮುಟ್ಟಿತ್ತೇನೋ.

"ಮೈತ್ರೇಯಿ ಮೇಡಂ ಅಲ್ಲೇ ಇದ್ದಾರೆ, ಅಲ್ಲವೇ?" ಅಂದರು ಉತ್ಕರ್ಷ. "ಅವರಿಗೆ ಕೊಡು. ಸ್ಪೀಕರ್ ತೆಗೆದು ಕೊಡು, ಪ್ರಜ್ಞಾ."

ಮೈತ್ರೇಯಿ ಫೋನ್ ತೆಗೆದುಕೊಂಡು ಕಿವಿಗೆ ಒತ್ತಿಕೊಂಡಳು. ಇಬ್ಬರಿಗೂ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿದಳು.

"ಡಾಕ್ಟರ್, ನಿತೀಶನ ಬೆನ್ನುಮೂಳೆಯಲ್ಲಿ ಟಿಬಿ ಇರಬಹುದು," ಅವಳೂ ಮರಾಠಿಯಲ್ಲೇ ಅಂದಳು. "ಅವನಿಗೆ ಔಷಧ ಬೇಕು. ನಮ್ಮ ನಿಮ್ಮ ಲೆಕ್ಕ ಆಮೇಲೆ. ನೀವು ವೈದ್ಯರು. ಅವನನ್ನು ಹತ್ತಿರದ ಆಸ್ಪತ್ರೆಯಲ್ಲಿ ಇಳಿಸಿ ಹೋಗಿ."

"ಗೊತ್ತು," ಅಂದರು ಉತ್ಕರ್ಷ. ದನಿಯಲ್ಲಿ ದಣಿವಿತ್ತು. "ಉಳಿದಿದ್ದ ಅವನ ರಕ್ತವನ್ನು ನಿನ್ನೆ ನಾನೂ ಅಳೆದೆ. ನನ್ನ ಪರೀಕ್ಷೆ ಈ ಸಲವೂ ಸರಿಯಾಗಿಯೇ ಹೇಳಿದೆ. ಜಲಜಾಕ್ಷಿಯ ವಿಷಯದಲ್ಲೂ ಸರಿಯಾಗಿಯೇ ಹೇಳಿತ್ತು. ಅದನ್ನು ನಂಬಲಿಲ್ಲ ನಾನು. ನಾನೇ ನಂಬಲಿಲ್ಲ."

ಹಿಂದೆ ಹರಾಜಿನ ಕೂಗು ಏರಿತು, ಇಳಿಯಿತು. ಕಾರಿನ ಬಾಗಿಲು ಮುಚ್ಚಿದ ಸದ್ದು. ಆಮೇಲೆ ಎಲ್ಲ ಸದ್ದೂ ದೂರವಾಯಿತು.

"ಅವನಿಗೆ ಏನು ಕೊಟ್ಟಿದ್ದೀರಿ, ಡಾಕ್ಟರ್?"

"ಒಂದು ಇಂಜೆಕ್ಷನ್. ಪಾಪ, ತುಂಬ ನರಳುತ್ತಿದ್ದ. ಇನ್ನು ಅವನಿಗೆ ನೋವಾಗುವುದಿಲ್ಲ."

ಫೋನ್ ಕಡಿದುಹೋಯಿತು. ಮೈತ್ರೇಯಿ ಮತ್ತೆ ಒತ್ತಿದಳು. ಅದು ಸ್ವಿಚ್ ಆಫ್ ಆಗಿತ್ತು.

ಅವಳು ತಿರುಗಿದಾಗ ಪ್ರಜ್ಞಾ ಅಲ್ಲೇ ನಿಂತಿದ್ದಳು. ಶೀನ ಆಗಲೇ ಕಾರಿನ ಕೀಲಿ ಹಿಡಿದು ಮೆಟ್ಟಿಲ ಕಡೆ ಓಡಿದ್ದ.

"ಎಂತ ಹೇಳಿದ್ರು ಮೇಡಂ?" ಅಂದಳು ಹುಡುಗಿ. "ಅಣ್ಣ ಎದ್ದನಾ?"